ಶಿವರಾತ್ರಿಯಿಂದ ಯುಗಾದಿಯವರೆಗೆ: ಕಲಬುರಗಿ ಸೀಮೆಯ ಕೈತೋಟದಲ್ಲಿ ವಸಂತದ ಕೆಲಸಗಳು

ಪಂಚಾಂಗದ ಪ್ರಕಾರ ವಸಂತ ಋತು ಆರಂಭವಾಗುವುದು ಚೈತ್ರ ಶುದ್ಧ ಪಾಡ್ಯದ ಯುಗಾದಿಯಂದು. ಆದರೆ ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳಲ್ಲಿ ಹಿತ್ತಲಿನಲ್ಲೋ ಮಾಳಿಗೆಯ ಮೇಲೋ ಗಿಡ ಬೆಳೆಸುವವರು ಆ ದಿನಕ್ಕಾಗಿ ಕಾದು ಕುಳಿತರೆ ಹೊತ್ತು ಮೀರಿರುತ್ತದೆ. ಚಳಿ ಶಿವರಾತ್ರಿಗೆ ‘ಶಿವ ಶಿವ’ ಎನ್ನುತ್ತ ಹೋಗುತ್ತದೆ ಎಂಬ ಮಾತು ನಮ್ಮ ಸೀಮೆಗೆ ಚೆನ್ನಾಗಿ ಒಪ್ಪುತ್ತದೆ. ಅದಾದ ಸುಮಾರು ಒಂದು ತಿಂಗಳಿಗೆ ಯುಗಾದಿ ಬರುವಷ್ಟರಲ್ಲಿ ಮಧ್ಯಾಹ್ನದ ಬಿಸಿಲು ಮೈ ಸುಡತೊಡಗಿರುತ್ತದೆ, ಮೇ ತಿಂಗಳಲ್ಲಿ ಉಷ್ಣತೆ 42 ಡಿಗ್ರಿ ಮುಟ್ಟುವುದು ಇಲ್ಲಿ ಯಾರಿಗೂ ಹೊಸದಲ್ಲ. ಬೇರು ಆಳಕ್ಕಿಳಿಸಿಕೊಂಡ ಗಿಡ ಮಾತ್ರ ಆ ಮೇ ತಿಂಗಳನ್ನು ದಾಟುತ್ತದೆ. ಬೇರಿಳಿಯಲು ಹಿತವಾದ ಹವೆ ಸಿಗುವುದು ಶಿವರಾತ್ರಿ ಮತ್ತು ಯುಗಾದಿಯ ನಡುವಿನ ಈ ಒಂದು ತಿಂಗಳಲ್ಲಿ. ಹೀಗಾಗಿ ಬಿತ್ತನೆ, ನಾಟಿ, ನೆರಳು, ಮುಚ್ಚಿಗೆ, ನೀರಿನ ಏರ್ಪಾಡು ಎಲ್ಲವನ್ನೂ ಈ ಅವಧಿಯೊಳಗೇ ಮುಗಿಸುವ ಲೆಕ್ಕದಲ್ಲಿ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಬೀದರ್ ನಗರವು ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನವರಿಗೆ ಇನ್ನೊಂದು ವಾರ, ಹತ್ತು ದಿನಗಳ ಸಡಿಲಿಕೆ ಸಿಗುತ್ತದೆ. ಯಾದಗಿರಿಯವರಿಗೆ ಅದೂ ಇಲ್ಲ.

ಮೊದಲು ಬಿಸಿಲು ಬೀಳುವ ಜಾಗ ಗುರುತಿಸಿಕೊಳ್ಳುವುದು

ಗುದ್ದಲಿ ಹಿಡಿಯುವ ಮೊದಲು ಒಂದು ದಿನ ಬೆಳಿಗ್ಗೆ ಹತ್ತು, ಮಧ್ಯಾಹ್ನ ಒಂದು ಮತ್ತು ಸಂಜೆ ನಾಲ್ಕು ಗಂಟೆಗೆ ಅಂಗಳದಲ್ಲಿ ನೆರಳು ಎಲ್ಲೆಲ್ಲಿ ಬೀಳುತ್ತದೆ ಎಂಬುದನ್ನು ನೋಡಿ ಸುಣ್ಣದಿಂದ ಗೆರೆ ಎಳೆದಿಟ್ಟುಕೊಳ್ಳಬೇಕು. ಇಲ್ಲಿ ಒಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ಮೇ 9ರ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ನೆತ್ತಿಗಿಂತ ತುಸು ಉತ್ತರದಲ್ಲೇ ಇರುತ್ತಾನೆ. ಜನವರಿಯಲ್ಲಿ ಇಡೀ ದಿನ ತಂಪಾಗಿದ್ದ ಮನೆಯ ಉತ್ತರದ ಗೋಡೆಯ ಬುಡ ಮೇ ತಿಂಗಳಲ್ಲಿ ಬಿಸಿಲಿಗೆ ಬರುವುದು ಇದೇ ಕಾರಣದಿಂದ. ಚಳಿಗಾಲದ ನೆರಳನ್ನು ನಂಬಿ ಅಲ್ಲಿ ವೀಳ್ಯದೆಲೆ ಬಳ್ಳಿಯನ್ನೋ ಜರೀಗಿಡದ ಕುಂಡವನ್ನೋ ಇಟ್ಟರೆ ಎಲೆ ಸುಟ್ಟುಹೋಗುವುದು ಖಚಿತ. ನೆತ್ತಿಯ ಮೇಲಿನ ಸೂರ್ಯನಿಗೆ ಗೋಡೆಯ ಮರೆ ಉಪಯೋಗಕ್ಕೆ ಬರುವುದಿಲ್ಲ, ಮೇಲಿನಿಂದಲೇ ಹೊದಿಕೆ ಬೇಕಾಗುತ್ತದೆ.

ತರಕಾರಿಗೆ ಒಳ್ಳೆಯ ಜಾಗವೆಂದರೆ ಮನೆಯ ಪೂರ್ವ ದಿಕ್ಕು. ಬೆಳಗಿನ ಐದಾರು ತಾಸು ಬಿಸಿಲು ಬಿದ್ದು, ಮಧ್ಯಾಹ್ನದ ನಂತರ ಮನೆಯದೇ ನೆರಳು ಅಲ್ಲಿಗೆ ಬರುತ್ತದೆ. ಪಶ್ಚಿಮದ ಗೋಡೆ ಎಲ್ಲಕ್ಕಿಂತ ಕಠಿಣ. ಸಂಜೆ ಬಿಸಿಲು ಹೋದ ಮೇಲೂ ಕಾದ ಗೋಡೆ ರಾತ್ರಿಯವರೆಗೆ ಗಿಡಕ್ಕೆ ಶಾಖ ಕೊಡುತ್ತಲೇ ಇರುತ್ತದೆ. ಅಲ್ಲಿ ಬೋಗನ್‌ವಿಲ್ಲಾ, ಕಣಗಿಲೆ ಅಥವಾ ನುಗ್ಗೆಯಂತಹ ಗಟ್ಟಿ ಜೀವಗಳನ್ನೇ ಬೆಳೆಸಬೇಕು. ಅಂಗಳಕ್ಕೆ ಹಾಸಿದ ಶಹಾಬಾದ್ ಫರಸಿಯೂ ಹೀಗೆಯೇ ಕಾಯುತ್ತದೆ. ಕುಂಡಗಳನ್ನು ಫರಸಿಯ ಮೇಲೆ ನೇರವಾಗಿ ಇಡದೆ ಎರಡು ಇಟ್ಟಿಗೆಗಳ ಮೇಲೆ ಕೂರಿಸಿ ಕೆಳಗೆ ಗಾಳಿ ಆಡಲು ಬಿಡುವುದು, ಕಪ್ಪು ಪ್ಲಾಸ್ಟಿಕ್ ಕುಂಡಗಳಿಗೆ ಹೊರಗಿನಿಂದ ಸುಣ್ಣ ಬಳಿಯುವುದು, ದೊಡ್ಡ ಕುಂಡಗಳ ಮರೆಯಲ್ಲಿ ಸಣ್ಣ ಕುಂಡಗಳನ್ನು ಒತ್ತೊತ್ತಾಗಿ ಜೋಡಿಸುವುದು ಖರ್ಚಿಲ್ಲದ ಉಪಾಯಗಳು.

ಮಣ್ಣು ಮತ್ತು ಮಡಿ

ನಮ್ಮ ಸೀಮೆಯಲ್ಲಿ ಎರಡು ಬಗೆಯ ಮಣ್ಣು ಮುಖ್ಯ. ಕಲಬುರಗಿ ಮತ್ತು ಯಾದಗಿರಿಯ ಬಹುಭಾಗದಲ್ಲಿರುವುದು ಎರೆಮಣ್ಣು. ಅದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ, ಬಿರುಕು ಬಿಡುವಾಗ ಸಣ್ಣ ಬೇರುಗಳನ್ನು ಹರಿದುಹಾಕುತ್ತದೆ. ಬೀದರ್, ಹುಮನಾಬಾದ್ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣಿನ ಗುಣ ಇದಕ್ಕೆ ತದ್ವಿರುದ್ಧ. ಹಾಕಿದ ನೀರು ಬೇಗ ಬಸಿದುಹೋಗುತ್ತದೆ. ಆದ್ದರಿಂದ ಎರೆಮಣ್ಣಿನ ಮಡಿಗೆ ನಾಲ್ಕೈದು ದಿನಕ್ಕೊಮ್ಮೆ ಆಳವಾಗಿ ನೀರು ಕೊಟ್ಟರೆ ಸಾಕಾಗುವಾಗ, ಕೆಂಪು ಮಣ್ಣಿಗೆ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪವೇ ಕೊಡಬೇಕಾಗುತ್ತದೆ.

ಎರೆಮಣ್ಣನ್ನು ಹಸಿಯಿರುವಾಗ ಅಗೆಯಬಾರದು. ಹಿಡಿ ಮಣ್ಣನ್ನು ಉಂಡೆ ಕಟ್ಟಿ ಹೆಬ್ಬೆರಳಿನಿಂದ ಒತ್ತಿದಾಗ ಅದು ಮೆತ್ತಿಕೊಳ್ಳದೆ ಪುಡಿಯಾದರೆ ಹದವಾಗಿದೆಯೆಂದು ತಿಳಿಯಬೇಕು. ಒಂದು ಗೇಣು ಆಳ ಅಗೆದು, ಪ್ರತಿ ಚದರ ಮೀಟರಿಗೆ ಎರಡೂವರೆಯಿಂದ ಮೂರು ಕೆ.ಜಿ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಮತ್ತು ಒಂದು ಹಿಡಿ ಬೇವಿನ ಹಿಂಡಿ ಬೆರೆಸಬೇಕು. ಕಳಿಯದ ಸಗಣಿಯನ್ನು ಹಾಕಿದರೆ ಬೇಸಿಗೆಯ ಒಣ ನೆಲದಲ್ಲಿ ಗೆದ್ದಲಿಗೆ ಆಹ್ವಾನ ಕೊಟ್ಟಂತಾಗುತ್ತದೆ. ಎರೆಮಣ್ಣು ಸಡಿಲವಾಗಲೆಂದು ಒಂದೆರಡು ಬುಟ್ಟಿ ಉಸುಕು ಸುರಿಯುವ ರೂಢಿ ಇದೆ, ಆದರೆ ಅಷ್ಟರಿಂದ ಏನೂ ಆಗುವುದಿಲ್ಲ; ಆ ಹಣವನ್ನು ಗೊಬ್ಬರಕ್ಕೆ ಹಾಕುವುದು ಮೇಲು. ಕುಂಡಗಳಿಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಮಣ್ಣು, ಒಂದು ಪಾಲು ಎರೆಹುಳು ಗೊಬ್ಬರದ ಮಿಶ್ರಣ ಬೇಸಿಗೆಗೆ ಹೊಂದುತ್ತದೆ, ಏಕೆಂದರೆ ಆ ಒಂದು ಪಾಲು ಎರೆಮಣ್ಣು ತೇವವನ್ನು ಹಿಡಿದಿಡುತ್ತದೆ.

ಮಡಿಯ ಆಕಾರದ ಬಗ್ಗೆ ಒಂದು ಮಾತು. ತೋಟಗಾರಿಕೆಯ ಪುಸ್ತಕಗಳೂ ವಿಡಿಯೊಗಳೂ ಏರುಮಡಿ ಮಾಡಿರೆಂದು ಹೇಳುತ್ತವೆ. ಅದು ಮಳೆ ಹೆಚ್ಚಿರುವ ಊರುಗಳಿಗೆ ಮತ್ತು ನಮ್ಮಲ್ಲಿ ಮಳೆಗಾಲಕ್ಕೆ ಸರಿಯಾದ ಸಲಹೆ. ಬೇಸಿಗೆಯಲ್ಲಿ ಏರುಮಡಿ ನಾಲ್ಕೂ ಬದಿಯಿಂದ ಒಣಗುತ್ತದೆ. ಈಗ ಬೇಕಾಗಿರುವುದು ಅದರ ಉಲ್ಟಾ, ಅಂದರೆ ನೆಲಮಟ್ಟದಿಂದ ನಾಲ್ಕು ಬೆರಳು ತಗ್ಗಾದ, ಸುತ್ತ ಬದು ಕಟ್ಟಿದ ಮಡಿ. ಹಾಕಿದ ನೀರು ಅದರಲ್ಲೇ ನಿಂತು ಇಂಗುತ್ತದೆ, ಎಳೆ ಸಸಿಗೆ ಬಿಸಿಗಾಳಿಯೂ ಅಷ್ಟಾಗಿ ತಾಗುವುದಿಲ್ಲ.

ಏನನ್ನು ಬಿತ್ತಬೇಕು, ಏನನ್ನು ಬಿಡಬೇಕು

ಚಳಿಗಾಲದ ಪಾತಿಯಲ್ಲಿ ಉಳಿದಿರುವ ಎಲೆಕೋಸು, ಗಜ್ಜರಿ, ಮೂಲಂಗಿ, ಕೊತ್ತಂಬರಿಗಳನ್ನು ಶಿವರಾತ್ರಿಯ ಹೊತ್ತಿಗೆ ಮುಗಿಸಬೇಕು. ಕೊತ್ತಂಬರಿ ಹೂ ಬಿಟ್ಟಿದ್ದರೆ ಮಾತ್ರ ಕೀಳಬಾರದು. ಅದರ ಬಿಳಿ ಹೂಗೊಂಚಲಿನ ಉಪಯೋಗವೇನೆಂಬುದು ಕೀಟಗಳ ಮಾತು ಬಂದಾಗ ತಿಳಿಯುತ್ತದೆ. ಟೊಮೆಟೊ ಸಸಿಯನ್ನು ಜನವರಿಯಲ್ಲಿ ನೆಟ್ಟಿದ್ದರೆ ಕಾಯಿ ಸಿಗುತ್ತದೆ, ಮಾರ್ಚ್‌ನಲ್ಲಿ ಹೊಸದಾಗಿ ನೆಡುವುದು ವ್ಯರ್ಥ ಶ್ರಮ. ಹಗಲಿನ ಉಷ್ಣತೆ 35 ಡಿಗ್ರಿ ದಾಟಿದಂತೆ ಟೊಮೆಟೊ ಹೂವಿನ ಪರಾಗ ಕೆಟ್ಟು, ಗಿಡ ಹಸಿರಾಗಿದ್ದರೂ ಹೂಗಳೆಲ್ಲ ಉದುರಿಹೋಗುತ್ತವೆ. ಅದಕ್ಕೆ ಗೊಬ್ಬರ ಸುರಿದು ಪ್ರಯೋಜನವಿಲ್ಲ.

ಬಿಸಿಲನ್ನು ಬಯಸುವ ಕಾಯಿಪಲ್ಯಗಳೆಂದರೆ ಬೆಂಡೆ, ಚವಳಿ (ಗೋರಿಕಾಯಿ), ಅಲಸಂದೆ, ಹೀರೆ, ಹಾಗಲ, ಸೋರೆ, ಸೌತೆ. ಸೊಪ್ಪುಗಳಲ್ಲಿ ರಾಜಗಿರಿ ಮತ್ತು ಪುಂಡಿಪಲ್ಯ. ಇವುಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ನನ್ನ ಮತ ಚವಳಿಕಾಯಿಗೆ. ದ್ವಿದಳ ಜಾತಿಯಾದ್ದರಿಂದ ಹೆಚ್ಚು ಗೊಬ್ಬರ ಕೇಳುವುದಿಲ್ಲ, ಒಂದು ದಿನ ನೀರು ತಪ್ಪಿದರೂ ಮುನಿಸಿಕೊಳ್ಳುವುದಿಲ್ಲ, ಜೋಳದ ರೊಟ್ಟಿಗೆ ಹೊಂದುವ ಪಲ್ಯವಂತೂ ಹೌದು.

ಬೆಂಡೆಯ ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಎರಡು ಸೆಂ.ಮೀ. ಆಳದಲ್ಲಿ, ಸಾಲಿನಿಂದ ಸಾಲಿಗೆ 45 ಸೆಂ.ಮೀ. ಮತ್ತು ಗಿಡದಿಂದ ಗಿಡಕ್ಕೆ ಒಂದು ಗೇಣು ಅಂತರದಲ್ಲಿ ಊರಬೇಕು. ಬೇಸಿಗೆಯ ಬೆಂಡೆಗೆ ದೊಡ್ಡ ಶತ್ರುವೆಂದರೆ ಬಿಳಿನೊಣದಿಂದ ಹರಡುವ ಹಳದಿ ನರದ ನಂಜು ರೋಗ. ಎಲೆಯ ನರಗಳು ಬಲೆ ಬಿಡಿಸಿದಂತೆ ಹಳದಿಯಾಗಿ, ಕಾಯಿಯೂ ಬೆಳ್ಳಗಾಗುತ್ತದೆ. ಇದಕ್ಕೆ ಔಷಧಿಯಿಲ್ಲ, ರೋಗ ಕಂಡ ಮೊದಲ ಗಿಡವನ್ನು ಮರುಕವಿಲ್ಲದೆ ಕಿತ್ತುಹಾಕಬೇಕು. ಬೀಜ ಕೊಳ್ಳುವಾಗಲೇ ಈ ರೋಗವನ್ನು ತಾಳಿಕೊಳ್ಳಲೆಂದು ಬೆಳೆಸಿದ ತಳಿಗಳನ್ನು, ಉದಾಹರಣೆಗೆ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಅಥವಾ ನಮ್ಮ ನೆರೆಯ ಮರಾಠವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪರಭಣಿ ಕ್ರಾಂತಿಯನ್ನು ಕೇಳಿ ಪಡೆಯುವುದು ಒಳ್ಳೆಯದು. ಸಂದೇಹವಿದ್ದರೆ ಆಯಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಬೀದರ್‌ನ ತೋಟಗಾರಿಕಾ ಮಹಾವಿದ್ಯಾಲಯದಲ್ಲೋ ವಿಚಾರಿಸಬಹುದು.

ಬದನೆ ಮತ್ತು ಮೆಣಸಿನ ಹಳೆಯ ಗಿಡಗಳಿದ್ದರೆ ಕೀಳದೆ ಮೊಣಕಾಲುದ್ದಕ್ಕೆ ಕತ್ತರಿಸಿ ಗೊಬ್ಬರ ಕೊಡಬೇಕು. ಬೇರು ಮೊದಲೇ ಆಳದಲ್ಲಿರುವುದರಿಂದ ಅವು ಹೊಸ ಸಸಿಗಿಂತ ಬೇಗ ಚಿಗುರುತ್ತವೆ. ಮೆಂತ್ಯ, ಪಾಲಕ್‌ಗಳನ್ನು ಹೋಳಿ ಹುಣ್ಣಿಮೆಯವರೆಗೂ ನೆರಳಿನ ಪರದೆಯ ಕೆಳಗೆ ಬಿತ್ತಬಹುದು, ಆಮೇಲೆ ಬೇಡ.

ಬಳ್ಳಿಗಳಿಗೆ ಹಂದರ ಹಾಕಲು ಪೇಟೆಯಿಂದ ಬಿದಿರು ತರಬೇಕಾಗಿಲ್ಲ. ತೊಗರಿಯ ರಾಶಿ ಮುಗಿದು ಹಳ್ಳಿಹಳ್ಳಿಯಲ್ಲೂ ತೊಗರಿ ಕಟ್ಟಿಗೆಯ ಬಣವೆಗಳು ಬಿದ್ದಿರುವ ಕಾಲವಿದು. ನಾಲ್ಕು ಗಟ್ಟಿ ಗೂಟಗಳ ನಡುವೆ ತೊಗರಿ ಕಟ್ಟಿಗೆಯನ್ನು ಅಡ್ಡಡ್ಡ ಹೆಣೆದು ಕಟ್ಟಿದರೆ ಒಂದು ಹಂಗಾಮಿಗೆ ಹೀರೆ, ಹಾಗಲಗಳನ್ನು ಅದು ಧಾರಾಳವಾಗಿ ಹೊರುತ್ತದೆ. ಕವಲುಗಳು ಹೆಚ್ಚಿರುವುದರಿಂದ ಬಳ್ಳಿಯ ಕುಡಿಗಳಿಗೆ ಹಿಡಿತವೂ ಸಿಗುತ್ತದೆ. ಹಂದರವನ್ನು ಪಶ್ಚಿಮದ ಅಂಚಿಗೆ ನಿಲ್ಲಿಸಿದರೆ ಉಳಿದ ಗಿಡಗಳಿಗೆ ಸಂಜೆ ಬಿಸಿಲಿನ ಮರೆಯಾಗುತ್ತದೆ.

ಹೂ ಬಿಟ್ಟರೂ ಕಾಯಿ ನಿಲ್ಲದ ಬಳ್ಳಿ

ಹೀರೆ, ಸೋರೆ, ಕುಂಬಳ ಬೆಳೆಸುವ ಬಹುತೇಕರ ದೂರು ಒಂದೇ: ಹೂ ತುಂಬ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ಈ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆಬೇರೆ. ಹೂವಿನ ಬುಡದಲ್ಲಿ ಬೆರಳಿನ ತುದಿಯಷ್ಟು ಎಳೆಯ ಕಾಯಿ ಇದ್ದರೆ ಹೆಣ್ಣು, ಬರಿಯ ತೆಳ್ಳನೆಯ ತೊಟ್ಟಿದ್ದರೆ ಗಂಡು. ಮೊದಲು ಗಂಡು ಹೂಗಳೇ ಬರುವುದು ಸಹಜ. ಜೊತೆಗೆ ಉಷ್ಣತೆ ಏರಿದಷ್ಟೂ ಅವುಗಳ ಪ್ರಮಾಣ ಹೆಚ್ಚುತ್ತದೆ. ಹೆಣ್ಣು ಹೂ ಬಂದ ಮೇಲೂ ಎಳೆಗಾಯಿ ಹಳದಿಯಾಗಿ ಬಾಡುತ್ತಿದ್ದರೆ ಅದಕ್ಕೆ ಪರಾಗ ತಲುಪಿಲ್ಲ ಎಂದರ್ಥ.

ಆಗ ಕೈಯಿಂದಲೇ ಪರಾಗ ಮುಟ್ಟಿಸಬೇಕು, ಅದಕ್ಕೆ ಹೊತ್ತು ಗೊತ್ತಿರಬೇಕು. ಕುಂಬಳ, ಹಾಗಲ, ಸೌತೆಯ ಹೂ ಅರಳುವುದು ನಸುಕಿನಿಂದ ಬೆಳಗಿನವರೆಗೆ. ಹೀರೆ ಮತ್ತು ಸೋರೆ ಅರಳುವುದು ಸಂಜೆ ಐದರ ನಂತರ. ಸೋರೆಯ ಬಿಳಿ ಹೂ ಕತ್ತಲಲ್ಲಿ ಹಾರುವ ಪತಂಗಗಳಿಗಾಗಿಯೇ ಅರಳುತ್ತದೆ, ಹೀಗಾಗಿ ಬೆಳಿಗ್ಗೆ ಎಂಟು ಗಂಟೆಗೆ ಬಾಡಿದ ಹೂವಿಗೆ ಪರಾಗ ಹಚ್ಚಿ ಫಲವಿಲ್ಲ. ಆಗತಾನೆ ಅರಳಿದ ಗಂಡು ಹೂವನ್ನು ಕಿತ್ತು, ಅದರ ಎಸಳುಗಳನ್ನು ಹಿಂದಕ್ಕೆ ಸುಲಿದು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಒಳಗಿನ ಅಂಟಾದ ಶಲಾಕಾಗ್ರದ ಎಲ್ಲ ಹೋಳುಗಳಿಗೂ ಹಗುರವಾಗಿ ಸವರಬೇಕು. ಒಂದೇ ಬದಿಗೆ ಹಚ್ಚಿದರೆ ಕಾಯಿ ಸೊಟ್ಟಗೆ ಬೆಳೆಯುತ್ತದೆ. ಪರಾಗ ಹಿಡಿದಿದ್ದರೆ ಎರಡು ಮೂರು ದಿನಗಳಲ್ಲಿ ಎಳೆಗಾಯಿಯ ಬುಡ ದಪ್ಪಗಾಗಿ ಕೆಳಕ್ಕೆ ಬಾಗುತ್ತದೆ. ಕಾಯಿ ನಿಂತ ಕೂಡಲೇ ಹಳೆಯ ಕಾಗದದ ಚೀಲ ಕಟ್ಟಿದರೆ ಹಣ್ಣುನೊಣ ಮೊಟ್ಟೆಯಿಡುವುದು ತಪ್ಪುತ್ತದೆ. ಕೊಳೆತು ಬಿದ್ದ ಕಾಯಿಗಳನ್ನು ತಿಪ್ಪೆಗೆ ಎಸೆಯಬಾರದು. ಅದರೊಳಗಿನ ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಟ್ಟರೆ ಹುಳು ಸಾಯುತ್ತದೆ.

ಹೂಗಿಡಗಳು

ದುಂಡುಮಲ್ಲಿಗೆಯ ಚಾಟಣಿ, ಅಂದರೆ ಕೊಂಬೆ ಕತ್ತರಿಸುವ ಕೆಲಸ, ಚಳಿಗಾಲದಲ್ಲೇ ಆಗಿರಬೇಕು. ಆಗಿಲ್ಲದಿದ್ದರೆ ಶಿವರಾತ್ರಿಗೆ ಮೊದಲು ಒಣಗಿದ, ತೆಳ್ಳಗಿನ ಕಡ್ಡಿಗಳನ್ನಷ್ಟೇ ತೆಗೆದು, ಬುಡಕ್ಕೆ ಎರೆಹುಳು ಗೊಬ್ಬರ ಹಾಕಿ ನೀರು ಶುರು ಮಾಡಬೇಕು. ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಬರುವುದರಿಂದ ಚಿಗುರು ಹೆಚ್ಚಾದಷ್ಟೂ ಹೂ ಹೆಚ್ಚು. ಮಲ್ಲಿಗೆಗೆ ಪೂರ್ಣ ಬಿಸಿಲು ಬೇಕು, ನೆರಳಿನ ಪರದೆ ಬೇಡ.

ಗುಲಾಬಿಯ ವಿಷಯದಲ್ಲಿ ಇದಕ್ಕೆ ವಿರುದ್ಧವಾಗಿ ನಡೆಯಬೇಕು. ಅದರ ಚಾಟಣಿಗೆ ಕಾಲ ದಸರೆಯ ಆಸುಪಾಸು. ಮಾರ್ಚ್‌ನಲ್ಲಿ ಕತ್ತರಿಸಿದರೆ ಬರುವ ಎಳೆ ಚಿಗುರು ಬಿಸಿಲಿಗೆ ಕರಕಲಾಗುತ್ತದೆ. ಬಾಡಿದ ಹೂ ತೆಗೆದು, ಮಧ್ಯಾಹ್ನದ ನೆರಳಿಗೆ ಸರಿಸಿ, ಮಳೆಗಾಲದವರೆಗೆ ಗಿಡ ಉಳಿದರೆ ಸಾಕು ಎಂದುಕೊಳ್ಳುವುದೇ ಜಾಣತನ. ಸೇವಂತಿಗೆಯ ಹೂ ಮುಗಿದ ಗಿಡಗಳನ್ನು ನೆಲದಿಂದ ನಾಲ್ಕು ಬೆರಳಿಗೆ ಕತ್ತರಿಸಿ ನೆರಳಿನಲ್ಲಿಟ್ಟರೆ ಬುಡದ ಮರಿಗಳು ಜೂನ್‌ನಲ್ಲಿ ನಾಟಿಗೆ ಸಿದ್ಧವಾಗುತ್ತವೆ. ಬೀಜದಿಂದ ಈಗ ಬಿತ್ತಲು ಝೀನಿಯಾ, ಸೂರ್ಯಕಾಂತಿ, ಚೆಂಡುಹೂ ಚೆನ್ನ; ಮಾಳಿಗೆಯ ಬಿಸಿಲಿಗೆ ಟೇಬಲ್ ರೋಸ್ ಮತ್ತು ಸದಾಪುಷ್ಪಕ್ಕಿಂತ ನಂಬಿಗಸ್ತ ಗಿಡಗಳಿಲ್ಲ. ಬೋಗನ್‌ವಿಲ್ಲಾಕ್ಕೆ ನೀರು ಕಡಿಮೆ ಮಾಡಿದಷ್ಟೂ ಬಣ್ಣ ಹೆಚ್ಚು. ಪ್ರೀತಿಯಿಂದ ದಿನವೂ ನೀರು ಹಾಕುವವರ ಮನೆಯಲ್ಲಿ ಅದು ಬರಿಯ ಎಲೆಯನ್ನೇ ಕೊಡುತ್ತದೆ.

ನೆರಳು, ಮುಚ್ಚಿಗೆ, ನೀರು

ಹೋಳಿಯ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ನೆರಳಿನ ಪರದೆ ಮೇಲೇರಿರಬೇಕು. ತರಕಾರಿಗೆ ಶೇಕಡ 50 ಬಿಸಿಲು ತಡೆಯುವ ಪರದೆ ಸಾಕು. ಅಂಗಡಿಯವರು ಗಟ್ಟಿಯಾಗಿದೆಯೆಂದು ಕೊಡುವ ಶೇಕಡ 75ರ ಪರದೆಯ ಕೆಳಗೆ ಬೆಂಡೆ, ಹೀರೆಗಳು ಉದ್ದುದ್ದ ಸೊರಗಿ ಬೆಳೆದು ಕಾಯಿ ಬಿಡುವುದಿಲ್ಲ. ಗಿಡದ ತುದಿಗಿಂತ ಕನಿಷ್ಠ ಮೂರು ಅಡಿ ಮೇಲೆ, ಗಾಳಿ ಆಡುವಂತೆ ಅದನ್ನು ಕಟ್ಟಬೇಕು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಗುಡುಗಿನೊಂದಿಗೆ ಬೀಳುವ ಆಣೆಕಲ್ಲಿನಿಂದಲೂ ಇದೇ ಪರದೆ ಗಿಡಗಳನ್ನು ಕಾಯುತ್ತದೆ. 2014ರ ಮಾರ್ಚ್‌ನಲ್ಲಿ ಬೀದರ್, ಕಲಬುರಗಿ ಭಾಗದ ಹೊಲಗಳ ಮೇಲೆ ಬಿದ್ದ ಆಣೆಕಲ್ಲು ಮಳೆಯನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಚ್ಚಿಗೆಯೆಂದರೆ ಗಿಡದ ಬುಡದ ಮಣ್ಣಿನ ಮೇಲೆ ಒಣ ಕಸವನ್ನು ಮೂರು ನಾಲ್ಕು ಬೆರಳು ದಪ್ಪ ಹರಡುವುದು. ಎರೆಮಣ್ಣಿನ ತೋಟದಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ, ಏಕೆಂದರೆ ತೇವ ಉಳಿದರೆ ಮಣ್ಣು ಕುಗ್ಗುವುದಿಲ್ಲ, ಕುಗ್ಗದಿದ್ದರೆ ಬಿರುಕು ಬಿಡುವುದಿಲ್ಲ, ಬಿರುಕು ಬಿಡದಿದ್ದರೆ ಬೇರು ಹರಿಯುವುದಿಲ್ಲ. ತೊಗರಿ ಹೊಟ್ಟು, ಕತ್ತರಿಸಿದ ಜೋಳದ ಕಣಿಕೆ, ಆಳಂದ, ಅಫಜಲಪುರ, ಭಾಲ್ಕಿ ಕಡೆಯವರಿಗಾದರೆ ಕಬ್ಬಿನ ರವದಿ (ಒಣಗಿದ ಗರಿ), ಏನೂ ಇಲ್ಲದವರಿಗೆ ಈ ತಿಂಗಳಲ್ಲಿ ತಾನಾಗಿ ಉದುರುವ ಬೇವಿನ ಎಲೆ, ಎಲ್ಲವೂ ನಡೆಯುತ್ತದೆ. ಕಾಂಡಕ್ಕೆ ತಾಗದಂತೆ ಎರಡು ಬೆರಳು ಜಾಗ ಬಿಡಬೇಕು, ಹಾಕುವ ಮೊದಲು ಮಣ್ಣನ್ನು ಚೆನ್ನಾಗಿ ತೋಯಿಸಬೇಕು.

ನೀರು ದಿನಕ್ಕೊಮ್ಮೆ ಬಿಡದ ಬಡಾವಣೆಗಳಲ್ಲಿ ಗಡಿಗೆಯ ಪದ್ಧತಿ ಅತ್ಯಂತ ಮಿತವ್ಯಯದ್ದು. ಐದಾರು ಲೀಟರಿನ, ಬಣ್ಣ ಬಳಿಯದ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು, ಸುತ್ತ ನಾಲ್ಕು ಗಿಡ ನೆಟ್ಟು, ಗಡಿಗೆಗೆ ನೀರು ತುಂಬಿ ಮುಚ್ಚಳ ಹಾಕಬೇಕು. ಮಣ್ಣು ಒಣಗಿದಷ್ಟೂ ಗಡಿಗೆಯ ಗೋಡೆಯಿಂದ ನೀರು ಜಿನುಗುತ್ತದೆ, ಮಣ್ಣು ಹಸಿಯಾದಾಗ ಜಿನುಗು ನಿಧಾನವಾಗುತ್ತದೆ. ಮುಚ್ಚಳ ಮರೆತರೆ ಸೊಳ್ಳೆ ಮೊಟ್ಟೆಯಿಡುವುದಲ್ಲದೆ ಓತಿಕ್ಯಾತವೋ ಇಣಚಿ ಮರಿಯೋ ಬಿದ್ದು ಸಾಯುತ್ತದೆ. ನೆಲದಡಿಯ ಸುರಂಗದಲ್ಲಿ ನೀರು ಹರಿಸಿ ಬಿಸಿಲಿನಿಂದ ಅದನ್ನು ಕಾಪಾಡಿದ ಬಹಮನಿ ಕಾಲದ ಕರೇಜ್ ಇರುವ ಬೀದರ್‌ನಲ್ಲಿ, ನೀರನ್ನು ನೆಲದೊಳಗೇ ಕೊಡುವ ಈ ವಿಧಾನ ಇನ್ನಷ್ಟು ಮನೆಗಳಲ್ಲಿ ಕಾಣಬೇಕಾಗಿತ್ತು.

ಯಾವ ನೀರು ಎಂಬುದೂ ಮುಖ್ಯ. ನಮ್ಮ ಬೋರ್‌ವೆಲ್‌ಗಳ ನೀರು ಸಾಮಾನ್ಯವಾಗಿ ಗಡಸು. ಕುಂಡದ ಹೊರಮೈಯಲ್ಲಿ ಕಾಣುವ ಬಿಳಿ ಪದರ ಅದರದೇ ಸುಣ್ಣ. ಏರ್‌ಕೂಲರ್‌ನ ತೊಟ್ಟಿಯಲ್ಲಿ ಉಳಿದ ನೀರನ್ನು ಗಿಡಕ್ಕೆ ಸುರಿಯುವವರಿದ್ದಾರೆ, ಆದರೆ ನೀರು ಆವಿಯಾಗಿ ಉಪ್ಪೆಲ್ಲ ಅದರಲ್ಲೇ ಉಳಿದಿರುವುದರಿಂದ ಕುಂಡದ ಗಿಡಕ್ಕೆ ಅದು ಕೆಟ್ಟದ್ದು. ನೀರು ಶುದ್ಧೀಕರಣ ಯಂತ್ರ ಹೊರಬಿಡುವ ನೀರಿನ ದೋಷವೂ ಇದೇ. ಏಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಮಾತ್ರ ಉಪ್ಪಿನ ಅಂಶ ಇರುವುದಿಲ್ಲವಾದ್ದರಿಂದ ಅದನ್ನು ಬಕೆಟ್ಟಿನಲ್ಲಿ ಹಿಡಿದು ಸೂಕ್ಷ್ಮ ಗಿಡಗಳಿಗೆ ಕೊಡಬಹುದು. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರಿಗೆ ಅಡ್ಡಿಯಿಲ್ಲ.

ಎಲೆ ಹಳದಿಯಾದಾಗ

ದಾಸವಾಳ, ಲಿಂಬೆ, ಗುಲಾಬಿಗಳ ಎಳೆಯ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ; ಎರೆಮಣ್ಣಿನ ಸುಣ್ಣ ಮತ್ತು ಗಡಸು ನೀರು ಅದನ್ನು ಬೇರಿಗೆ ಸಿಗದಂತೆ ಕಟ್ಟಿಹಾಕಿರುತ್ತವೆ. ಆದ್ದರಿಂದ ಬುಡಕ್ಕಿಂತ ಎಲೆಗೆ ಕೊಡುವುದು ಪರಿಣಾಮಕಾರಿ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಆಗಲೇ ಸಂಜೆ ಹೊತ್ತಿನಲ್ಲಿ ಸಿಂಪಡಿಸಬೇಕು. ಹತ್ತು ಹನ್ನೆರಡು ದಿನ ಬಿಟ್ಟು ಇನ್ನೊಮ್ಮೆ. ಫರಸಿಯ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ ಎಂಬುದು ನೆನಪಿರಲಿ. ಹಳದಿಯಾಗಿರುವುದು ಕೆಳಗಿನ ಹಳೆಯ ಎಲೆಗಳಾದರೆ ಕೊರತೆಯಿರುವುದು ಸಾರಜನಕದ್ದು, ಅದಕ್ಕೆ ಗೊಬ್ಬರವೇ ಉತ್ತರ.

ತೋಟಕ್ಕೆ ಬರುವ ಜೀವಿಗಳು

ಸುತ್ತಲಿನ ಹೊಲಗಳು ಒಣಗಿರುವ ಈ ಕಾಲದಲ್ಲಿ ನಾಲ್ಕು ಹಸಿರು ಗಿಡಗಳಿರುವ ಯಾವ ಹಿತ್ತಲಿಗಾದರೂ ಹಕ್ಕಿ, ಕೀಟಗಳು ಹುಡುಕಿಕೊಂಡು ಬರುತ್ತವೆ. ಅವುಗಳಲ್ಲಿ ಯಾವುದನ್ನು ಉಳಿಸಬೇಕು ಎಂಬುದು ಗೊತ್ತಿಲ್ಲದೆ ಔಷಧಿ ಹೊಡೆದರೆ ನಷ್ಟ ನಮಗೇ.

ಲಿಂಬೆ ಅಥವಾ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದು ಬಿಳುಪಿನ ಮಚ್ಚೆಯನ್ನು ಒಮ್ಮೆ ಬಗ್ಗಿ ನೋಡಬೇಕು. ಅದು ಲಿಂಬೆ ಚಿಟ್ಟೆಯ ಎಳೆಯ ಮರಿಹುಳು. ಬೆಳೆದ ಮೇಲೆ ಅದೇ ಹುಳು ಎಲೆಹಸಿರು ಬಣ್ಣಕ್ಕೆ ತಿರುಗುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ದೊಡ್ಡ ಗಿಡಕ್ಕೆ ನಾಲ್ಕಾರು ಹುಳುಗಳಿಂದ ಕೇಡಿಲ್ಲ. ಹೊಸದಾಗಿ ನೆಟ್ಟ ಸಸಿಯಾದರೆ ಅವು ಒಂದು ವಾರದಲ್ಲಿ ಬೋಳು ಮಾಡಬಲ್ಲವು, ಆದ್ದರಿಂದ ಎಲೆ ಸಹಿತ ಎತ್ತಿ ಹಳೆಯ ಕರಿಬೇವಿನ ಗಿಡಕ್ಕೆ ಬಿಡುವುದು ಸರಿಯಾದ ಮಾರ್ಗ.

ಅಲಸಂದೆಯ ಕುಡಿಗೆ ಸಸ್ಯಹೇನು ಮುತ್ತಿದಾಗ ಅದರ ಜೊತೆಗೇ ಗುಲಗಂಜಿ ಹುಳು ಬರುತ್ತದೆ. ಅದರ ಮರಿ ಮಾತ್ರ ಕೆಂಪಗೆ ದುಂಡಗೆ ಇರದೆ ಕಪ್ಪಗೆ, ಉದ್ದಕ್ಕೆ, ಕಿತ್ತಳೆ ಚುಕ್ಕೆಗಳೊಂದಿಗೆ ವಿಕಾರವಾಗಿರುವುದರಿಂದ ಜನ ಅದನ್ನೇ ಪೀಡೆಯೆಂದು ಹೊಸಕಿಹಾಕುತ್ತಾರೆ. ತಾಯಿಯಂತೆ ಈ ಮರಿಯೂ ಹೇನನ್ನೇ ತಿನ್ನುತ್ತದೆ. ಕೀಳದೆ ಉಳಿಸಿದ ಕೊತ್ತಂಬರಿಯ ಹೂವಿನ ಉಪಯೋಗ ಇಲ್ಲಿದೆ: ಹೇನು ತಿನ್ನುವ ಕೀಟಗಳೂ, ಹುಳುಗಳಲ್ಲಿ ಮೊಟ್ಟೆಯಿಡುವ ಸಣ್ಣ ಕಣಜಗಳೂ ಆ ಹೂವಿನ ಮಕರಂದಕ್ಕೆ ಬರುತ್ತವೆ. ಅಷ್ಟಾಗಿಯೂ ಹೇನು ಮೀರಿದರೆ ಮೊದಲು ನೀರನ್ನು ಜೋರಾಗಿ ಹಾಯಿಸಿ ಉದುರಿಸಬೇಕು, ಆಮೇಲೆ ಬೇಕಾದರೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನ ದ್ರವದೊಂದಿಗೆ ಕಲಸಿ, ಜೇನುಗಳು ಗೂಡಿಗೆ ಮರಳಿದ ಮುಸ್ಸಂಜೆಯಲ್ಲಿ ಹೊಡೆಯಬೇಕು. ಬಿಸಿಲಿನಲ್ಲಿ ಹೊಡೆದ ಎಣ್ಣೆ ಎಲೆಯನ್ನು ಸುಡುತ್ತದೆ.

ಕತ್ತರಿ ಆಡಿಸುವ ಮೊದಲು ಗಿಡದೊಳಗೆ ಇಣುಕುವುದು ಈ ತಿಂಗಳುಗಳ ಕಡ್ಡಾಯ ಶಿಸ್ತು. ಸಿಂಪಿಗ ಹಕ್ಕಿ ಅಗಲ ಎಲೆಗಳ ಅಂಚನ್ನು ನೂಲಿನಂತಹ ನಾರಿನಿಂದ ಹೊಲಿದು ಅದರೊಳಗೆ ಗೂಡು ಮಾಡುತ್ತದೆ. ಸೂರಕ್ಕಿಯ ಗೂಡು ಜೇಡರಬಲೆಯಲ್ಲಿ ಕಸಕಡ್ಡಿ ಸಿಕ್ಕಿಕೊಂಡು ನೇತಾಡುತ್ತಿರುವಂತೆ ಕಾಣುವುದರಿಂದ ಎಷ್ಟೋ ಮನೆಗಳಲ್ಲಿ ಪೊರಕೆಗೆ ಬಲಿಯಾಗುತ್ತದೆ. ಗೂಡು ಕಂಡರೆ ಆ ಕೊಂಬೆಯನ್ನು ಮರಿಗಳು ಹಾರುವವರೆಗೆ ಬಿಡಬೇಕು. ಗುಬ್ಬಿಗೆ ಪೆಟ್ಟಿಗೆ ಕಟ್ಟುವುದಾದರೆ ತೂತಿನ ಅಗಲ 32 ಮಿ.ಮೀ. ಇರಲಿ, ಸೂರಿನ ಕೆಳಗೆ ಮಧ್ಯಾಹ್ನದ ಬಿಸಿಲು ತಾಗದ ಕಡೆ, ಬೆಕ್ಕಿಗೆ ಎಟುಕದ ಎತ್ತರದಲ್ಲಿರಲಿ. ಪಶ್ಚಿಮ ಗೋಡೆಗೆ ಕಟ್ಟಿದ ತಗಡಿನ ಪೆಟ್ಟಿಗೆಯಲ್ಲಿ ಮರಿಗಳು ಬೆಂದುಹೋಗುತ್ತವೆ.

ನೀರಿಡುವ ಮಣ್ಣಿನ ತಟ್ಟೆ ಅಗಲವಾಗಿ, ಎರಡು ಬೆರಳಿಗಿಂತ ಆಳವಿಲ್ಲದೆ ಇರಬೇಕು. ಅದರೊಳಗೆ ಒಂದೆರಡು ಒರಟು ಕಲ್ಲಿಟ್ಟರೆ ಕೋಲುಜೇನುಗಳು ಮುಳುಗದೆ ಕುಳಿತು ನೀರು ಹೀರುತ್ತವೆ. ದಿನವೂ ಹಳೆಯ ನೀರನ್ನು ಗಿಡಕ್ಕೆ ಚೆಲ್ಲಿ ತಟ್ಟೆಯನ್ನು ಉಜ್ಜಿ ತೊಳೆಯದಿದ್ದರೆ ಡೆಂಗಿ ಹರಡುವ ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿದಂತೆ.

ತಂಪು, ತೇವ, ಮುಚ್ಚಿಗೆ ಇರುವ ಕಡೆಗೆ ಇಲಿಗಳೂ, ಅವುಗಳ ಹಿಂದೆ ಹಾವುಗಳೂ ಬರುವುದುಂಟು. ರವದಿ, ತೊಗರಿ ಕಟ್ಟಿಗೆಯ ರಾಶಿಯನ್ನು ಬಾಗಿಲ ಹತ್ತಿರ ಇಡಬಾರದು, ರಾತ್ರಿ ಬ್ಯಾಟರಿಯಿಲ್ಲದೆ ತೋಟಕ್ಕೆ ಇಳಿಯಬಾರದು, ಮುಚ್ಚಿಗೆಯೊಳಗೆ ಬರಿಗೈ ಹಾಕಬಾರದು. ಫರಸಿ ಕಲ್ಲನ್ನು ಎತ್ತುವಾಗ ಆಚೆಯ ಅಂಚನ್ನು ಮೊದಲು ಮೇಲೆತ್ತಿ ನಮ್ಮ ಕಡೆಗೆ ಬಾಗಿಸಬೇಕು. ಅಡಿಯಲ್ಲಿ ಚೇಳಿದ್ದರೆ ಅದು ಆಚೆಗೇ ಓಡುತ್ತದೆ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು ಯಾವುದನ್ನೂ ಮಾಡದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಯುಗಾದಿಯ ನಂತರ

ಬೇವಿನ ಹೂ ಬಿದ್ದ ಮೇಲೆ ಹೊಸ ಬಿತ್ತನೆ, ಕುಂಡ ಬದಲಾವಣೆ, ಚಾಟಣಿ, ರಾಸಾಯನಿಕ ಗೊಬ್ಬರ ಎಲ್ಲಕ್ಕೂ ವಿರಾಮ. ಮಧ್ಯಾಹ್ನ ಬಾಡಿದಂತೆ ಕಾಣುವ ಕುಂಬಳದ ಎಲೆ ಸಂಜೆಗೆ ತಾನಾಗಿ ಎದ್ದರೆ ನೀರಿನ ಕೊರತೆಯಿಲ್ಲ, ಬೆಳಗಿನ ಹೊತ್ತಿನಲ್ಲೂ ಬಾಡಿದ್ದರೆ ಮಾತ್ರ ನೀರು ಬೇಕಾಗಿದೆ. ಬೆಂಡೆ, ಚವಳಿಗಳನ್ನು ದಿನ ಬಿಟ್ಟು ದಿನ ಕೊಯ್ಯುತ್ತಿರಬೇಕು. ಎರಡು ದಿನ ಬಿಟ್ಟರೆ ನಾರಾಗುತ್ತವೆ, ಗಿಡವೂ ಹೂ ಬಿಡುವುದನ್ನು ನಿಲ್ಲಿಸುತ್ತದೆ. ಬಸವ ಜಯಂತಿಯ ಹೊತ್ತಿಗೆ ಅತ್ಯುತ್ತಮವಾದ ಒಂದು ಬೆಂಡೆ ಗಿಡವನ್ನೂ, ಒಂದು ಹೀರೆಕಾಯಿಯನ್ನೂ ಬೀಜಕ್ಕೆಂದು ದಾರ ಕಟ್ಟಿ ಬಿಡಬೇಕು. ಮೇ ಕೊನೆಯ ವಾರದಲ್ಲಿ ರೋಹಿಣಿ ಮಳೆಯ ಮೋಡ ಕಂಡಾಗ ಪರದೆಯನ್ನು ಬಿಚ್ಚಿ ಮಡಚಿ, ತಗ್ಗು ಮಡಿಗಳ ಬದುವನ್ನು ಒಡೆದು, ಕಳಿತ ಮುಚ್ಚಿಗೆಯನ್ನು ಮಣ್ಣಿಗೆ ಸೇರಿಸಿ ಅದೇ ಜಾಗದಲ್ಲಿ ಏರುಮಡಿ ಎತ್ತಬೇಕು. ಮಿರಗ ಮಳೆ ಒಮ್ಮೆ ಬಿದ್ದು ಎರೆಮಣ್ಣು ಮುದ್ದೆಯಾದರೆ ಆಮೇಲೆ ವಾರಗಟ್ಟಲೆ ಅದರಲ್ಲಿ ಗುದ್ದಲಿ ಆಡುವುದಿಲ್ಲ.